ಹಳೆಯ ಸರ್ವರ್‌ಗೆ ರ‍್ಯಾಮ್ ಹೆಚ್ಚಿಸುವಾಗ: ಹೊಂದಾಣಿಕೆ ತೊಂದರೆ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಹಳೆಯ ಸರ್ವರ್‌ಗೆ ರ‍್ಯಾಮ್ ಸೇರಿಸುವುದು ಸುಲಭದ ಕೆಲಸದ ಹಾಗೆ ಕಾಣುತ್ತದೆ. ಮುಚ್ಚಳ ತೆಗೆದು, ಸ್ಟಿಕ್ (ಮೆಮೊರಿ ಚಿಪ್‌ಗಳಿರುವ ಪಟ್ಟಿ) ಕೂರಿಸಿ, ಆನ್ ಮಾಡಿದರೆ ಮುಗೀತು ಅಲ್ವಾ? ಎಷ್ಟೋ ಸಲ ಹಾಗಾಗುವುದಿಲ್ಲ. ಫ್ಯಾನ್‌ಗಳು ಜೋರಾಗಿ ತಿರುಗುತ್ತಲೇ ಇರುತ್ತವೆ, ಪರದೆಯಲ್ಲಿ ಏನೂ ಬರುವುದಿಲ್ಲ. ಇಲ್ಲವೇ ಸರ್ವರ್ ಬೂಟ್ ಆಗುತ್ತದೆ, ಆದರೆ 64 ಜಿಬಿ ಹಾಕಿದ್ದರೆ 48 ಜಿಬಿ ಮಾತ್ರ ತೋರಿಸುತ್ತದೆ. ಇನ್ನೂ ಕಷ್ಟದ್ದು ಅಂದರೆ, ಎಲ್ಲ ಸರಿಯಿದೆ ಅಂದುಕೊಂಡು ನಾಲ್ಕು ದಿನ ಕಳೆದ ಮೇಲೆ ಸರ್ವರ್ ತಾನಾಗಿಯೇ ರೀಸ್ಟಾರ್ಟ್ ಆಗುವುದು.

ಇಂಥ ಬಹುಪಾಲು ತೊಂದರೆಗಳಲ್ಲಿ ಸ್ಟಿಕ್ ಕೆಟ್ಟಿರುವುದಿಲ್ಲ. ಸ್ಲಾಟ್‌ನಲ್ಲಿ ಕೂತಿತು, ಹಾಗಾಗಿ ಹೊಂದುತ್ತದೆ ಅಂತ ನಾವು ನಂಬಿರುತ್ತೇವೆ. ಡಿಡಿಆರ್3 ಅನ್ನುವ ತಲೆಮಾರಿನ ಮೆಮೊರಿಯಲ್ಲಿ ಸರ್ವರ್‌ಗೆ ಬಳಸುವ ಮೂರು ಬಗೆಯ ಸ್ಟಿಕ್‌ಗಳಿವೆ. ಮೂರಕ್ಕೂ 240 ಪಿನ್, ಮೂರಕ್ಕೂ ಕಚ್ಚು ಒಂದೇ ಜಾಗದಲ್ಲಿ. ಕೈಗೆ ಎಲ್ಲವೂ ಒಂದೇ ಥರ, ಸರ್ವರ್‌ಗೆ ಮಾತ್ರ ಅಲ್ಲ. ಅದಕ್ಕೇ ಈ ಬರಹದ ಅರ್ಧ ಭಾಗ ಕೊಳ್ಳುವ ಮೊದಲು ನೋಡಬೇಕಾದದ್ದರ ಬಗ್ಗೆ ಇದೆ. ಈಗಾಗಲೇ ಸ್ಟಿಕ್ ಹಾಕಿ ಸಿಕ್ಕಿಬಿದ್ದಿದ್ದರೂ ಆ ಭಾಗ ಬಿಡಬೇಡಿ. ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಹಂತ 1: ನಿಮ್ಮ ಸರ್ವರ್ ಯಾವ ಕಾಲದ್ದು

ಮೆಮೊರಿಯ ನಿಯಮಗಳನ್ನು ಬಹುತೇಕ ಪ್ರೊಸೆಸರ್ ನಿರ್ಧರಿಸುತ್ತದೆ. ಇಂಟೆಲ್ ಸರ್ವರ್‌ಗಳಲ್ಲಿ 2009ರ ಝಿಯಾನ್ 5500 ಸರಣಿಯಿಂದ ಮೆಮೊರಿ ಕಂಟ್ರೋಲರ್ (ಮೆಮೊರಿಯ ಜೊತೆ ಮಾತಾಡುವ ಭಾಗ) ಪ್ರೊಸೆಸರ್ ಒಳಗೇ ಇದೆ. ಹಾಗಾಗಿ ಮೊದಲು ಪ್ರೊಸೆಸರ್‌ನ ಪೂರ್ತಿ ಹೆಸರು ಬರೆದಿಟ್ಟುಕೊಳ್ಳಿ.

ಝಿಯಾನ್ 5100, 5300, 5400 ಸರಣಿಯ ಸರ್ವರ್ ಆದರೆ ಅದಕ್ಕೆ ಬಹುತೇಕ ಬೇಕಾಗುವುದು ಫುಲ್ಲಿ ಬಫರ್ಡ್ ಡಿಡಿಆರ್2. ಇದಕ್ಕೂ 240 ಪಿನ್ ಇದೆ, ಆದರೆ ಕಚ್ಚು ಬೇರೆ ಕಡೆ. ಸಾಮಾನ್ಯ ಡಿಡಿಆರ್2 ಅಂಥ ಸರ್ವರ್‌ನಲ್ಲಿ ನಡೆಯುವುದಿಲ್ಲ, ಸ್ಟಿಕ್‌ಗಳನ್ನು ಜೋಡಿಯಾಗಿ ಹಾಕಬೇಕು. 5500 ಮತ್ತು 5600 ಸರಣಿಗೆ ಡಿಡಿಆರ್3, ಒಂದೊಂದು ಪ್ರೊಸೆಸರ್‌ಗೆ ಮೂರು ಚಾನೆಲ್ (ಪ್ರೊಸೆಸರ್‌ನಿಂದ ಸ್ಲಾಟ್‌ಗಳಿಗೆ ಹೋಗುವ ಪ್ರತ್ಯೇಕ ದಾರಿ). 2012ರ ಇ5-2600 ಮತ್ತು ಮರುವರ್ಷದ ವಿ2ಗೂ ಡಿಡಿಆರ್3, ಆದರೆ ನಾಲ್ಕು ಚಾನೆಲ್. 2014ರ ಇ5-2600 ವಿ3ರಿಂದ ಡಿಡಿಆರ್4 ಶುರು, ಚಾನೆಲ್ ನಾಲ್ಕೇ. 2017ರ ಝಿಯಾನ್ ಸ್ಕೇಲಬಲ್‌ನಲ್ಲಿ ಆರು ಚಾನೆಲ್, ಅದೇ ವರ್ಷದ ಎಎಂಡಿ ಎಪಿಕ್‌ನಲ್ಲಿ ಎಂಟು. ಈ ಚಾನೆಲ್ ಲೆಕ್ಕ ಮುಂದೆ ಸ್ಟಿಕ್‌ಗಳನ್ನು ಹಂಚುವಾಗ ಬೇಕಾಗುತ್ತದೆ.

ಸರ್ವರ್ ಓಡುತ್ತಿದ್ದರೆ ಮುಚ್ಚಳ ತೆಗೆಯದೆಯೇ ಒಳಗೇನಿದೆ ನೋಡಬಹುದು. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಅನ್ನುವ ಕಮಾಂಡ್ ಇದೆ. ಅದಕ್ಕೆ ಟೈಪ್ 17 ಅಂತ ಕೊಟ್ಟರೆ ಪ್ರತಿ ಸ್ಲಾಟ್‌ನಲ್ಲಿ ಎಷ್ಟು ಜಿಬಿ, ಯಾವ ಬಗೆ, ಯಾವ ಪಾರ್ಟ್ ನಂಬರ್, ಈಗ ಎಷ್ಟು ವೇಗ ಅಂತ ಹೇಳುತ್ತದೆ. ವಿಂಡೋಸ್‌ನಲ್ಲಿ ಪವರ್‌ಶೆಲ್‌ನಿಂದ ವಿನ್32 ಫಿಸಿಕಲ್ ಮೆಮೊರಿ ಅನ್ನುವ ಕ್ಲಾಸ್ ಕೇಳಿದರೆ ಹೆಚ್ಚುಕಡಿಮೆ ಇದೇ ಮಾಹಿತಿ ಬರುತ್ತದೆ. ಐಡ್ರಾಕ್ ಅಥವಾ ಐಎಲ್‌ಒ (ಸರ್ವರನ್ನು ದೂರದಿಂದ ನೋಡಿಕೊಳ್ಳುವ ವ್ಯವಸ್ಥೆ) ಇದ್ದರೆ ಅದರ ವೆಬ್ ಪುಟದಲ್ಲೇ ಸಿಗುತ್ತದೆ.

ಒಂದು ಎಚ್ಚರಿಕೆ. ಡಿಎಂಐಡಿಕೋಡ್ ಟೈಪ್ 16ರಲ್ಲಿ ಗರಿಷ್ಠ ಸಾಮರ್ಥ್ಯ ಅಂತ ಒಂದು ಅಂಕಿ ಬರುತ್ತದೆ. ಬಯೋಸ್ (ಸರ್ವರ್ ಆನ್ ಆದ ಕೂಡಲೇ ಓಡುವ ಮೂಲ ಪ್ರೋಗ್ರಾಂ) ಬರೆದವರು ಅಲ್ಲಿ ಏನು ತುಂಬಿದ್ದಾರೋ ಅದೇ ನಿಮಗೆ ಕಾಣುವುದು. ಅದು ತಪ್ಪಿರುವುದು ಅಪರೂಪವೇನಲ್ಲ, ಆ ಒಂದು ಸಾಲು ನಂಬಿ ಸ್ಟಿಕ್ ಕೊಳ್ಳಬೇಡಿ. ತಯಾರಕರ ಸರ್ವಿಸ್ ಮ್ಯಾನ್ಯುಯಲ್ ಇಳಿಸಿಕೊಂಡು ಮೆಮೊರಿಯ ಅಧ್ಯಾಯ ಓದಿ. ನಾಲ್ಕೈದು ಪುಟ ಇರುತ್ತದೆ ಅಷ್ಟೇ, ಆದರೆ ಇಡೀ ಕೆಲಸದಲ್ಲಿ ಇದರಷ್ಟು ಉಪಯೋಗದ ಓದು ಇನ್ನೊಂದಿಲ್ಲ.

ಹಂತ 2: ಲೇಬಲ್ ಓದಲು ಕಲಿಯಿರಿ

ಸ್ಟಿಕ್ ಮೇಲೆ ಅಂಟಿಸಿರುವ ಚೀಟಿಯಲ್ಲಿ ಬೇಕಾದದ್ದೆಲ್ಲ ಇದೆ. ಒಂದು ಉದಾಹರಣೆ: 16 ಜಿಬಿ, 2ಆರ್‌ಎಕ್ಸ್4, ಪಿಸಿ3ಎಲ್-12800ಆರ್.

2ಆರ್ ಅಂದರೆ ಎರಡು ರ‍್ಯಾಂಕ್. ಇದರ ಅರ್ಥ ಹಂತ 4ರಲ್ಲಿದೆ. ಎಕ್ಸ್4 ಅಂದರೆ ಒಂದೊಂದು ಚಿಪ್ 4 ಬಿಟ್ ಅಗಲದ್ದು. ಪಿಸಿ3 ಅಂದರೆ ಡಿಡಿಆರ್3. ಅದರ ಪಕ್ಕದ ಎಲ್, ಕಡಿಮೆ ವೋಲ್ಟೇಜಿನ ಗುರುತು. ಮಾಮೂಲಿ ಡಿಡಿಆರ್3ಕ್ಕೆ 1.5 ವೋಲ್ಟ್ ಬೇಕು, ಎಲ್ ಇದ್ದರೆ 1.35 ವೋಲ್ಟ್ ಸಾಕು. 12800 ಅನ್ನುವುದು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಅನ್ನುವ ಲೆಕ್ಕ. ಅದನ್ನು 8ರಿಂದ ಭಾಗಿಸಿದರೆ ನಮಗೆ ಪರಿಚಯದ ವೇಗ ಸಿಗುತ್ತದೆ, ಇಲ್ಲಿ 1600. ಹಾಗೆಯೇ 8500 ಅಂದರೆ 1066, 10600 ಅಂದರೆ 1333, 14900 ಅಂದರೆ 1866.

ಕೊನೆಯ ಅಕ್ಷರವನ್ನು ಎರಡು ಸಲ ನೋಡಿ. ಆರ್ ಇದ್ದರೆ ರಿಜಿಸ್ಟರ್ಡ್ (ಆದೇಶಗಳನ್ನು ಮಧ್ಯದ ಒಂದು ಚಿಪ್ ಮೂಲಕ ಪಡೆಯುವ ಸ್ಟಿಕ್), ಅಂದರೆ ಆರ್‌ಡಿಮ್. ಇ ಇದ್ದರೆ ಇಸಿಸಿ (ತಪ್ಪು ಸರಿಪಡಿಸುವ ಸೌಲಭ್ಯ) ಇರುವ ಅನ್‌ಬಫರ್ಡ್, ಅಂದರೆ ಆ ಮಧ್ಯದ ಚಿಪ್ ಇಲ್ಲದ್ದು. ಯು ಇದ್ದರೆ ಇಸಿಸಿ ಇಲ್ಲದ, ಡೆಸ್ಕ್‌ಟಾಪ್‌ನ ಸ್ಟಿಕ್. ಎಲ್ ಇದ್ದರೆ ಲೋಡ್ ರೆಡ್ಯೂಸ್ಡ್, ಅಂದರೆ ಎಲ್‌ಆರ್‌ಡಿಮ್. ಪಿಸಿ3 ಪಕ್ಕದ ಎಲ್ ಬೇರೆ, ಕೊನೆಯ ಎಲ್ ಬೇರೆ. ಪಿಸಿ3ಎಲ್ ಅಂತ ನೋಡಿ ಇದು ಎಲ್‌ಆರ್‌ಡಿಮ್ ಅಂದುಕೊಳ್ಳುವವರು ತುಂಬಾ ಜನ ಇದ್ದಾರೆ.

ಡಿಡಿಆರ್4ರಲ್ಲಿ ಬರೆಯುವ ರೀತಿ ಸ್ವಲ್ಪ ಬದಲಾಗಿದೆ. ಪಿಸಿ4-2400ಟಿ-ಆರ್‌ಎ1 ಅಂತಿದ್ದರೆ 2400 ನೇರವಾಗಿ ವೇಗವೇ, ಭಾಗಿಸುವ ಲೆಕ್ಕ ಬೇಡ. ವೇಗದ ಪಕ್ಕದ ಟಿ ಅಕ್ಷರ ಟೈಮಿಂಗ್‌ಗೆ ಸೇರಿದ್ದು. ಬಗೆ ಗೊತ್ತಾಗುವುದು ಅದರ ನಂತರದ ಗುಂಪಿನ ಮೊದಲ ಅಕ್ಷರದಿಂದ, ಇಲ್ಲಿ ಆರ್.

ಚೀಟಿ ಹರಿದುಹೋಗಿದ್ದರೆ ಚಿಪ್ ಎಣಿಸಿ. ಇಸಿಸಿ ಸ್ಟಿಕ್ 64 ಬಿಟ್ ಬದಲು 72 ಬಿಟ್ ಅಗಲ ಇರುತ್ತದೆ. ಅದಕ್ಕೇ ಚಿಪ್‌ಗಳ ಸಂಖ್ಯೆ 9, 18 ಅಥವಾ 36 ಆಗಿರುತ್ತದೆ. 8 ಅಥವಾ 16 ಮಾತ್ರ ಇದ್ದರೆ ಅದು ಡೆಸ್ಕ್‌ಟಾಪ್ ಸ್ಟಿಕ್. ಮಧ್ಯದಲ್ಲಿ ಬೇರೆ ಆಕಾರದ ಒಂದು ಚಿಪ್ ಕೂಡ ಇದ್ದರೆ ಬಹುಶಃ ರಿಜಿಸ್ಟರ್ಡ್.

ಹಂತ 3: ಬೆರಕೆ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಆರ್‌ಡಿಮ್, ಅನ್‌ಬಫರ್ಡ್, ಎಲ್‌ಆರ್‌ಡಿಮ್ ಮೂರನ್ನೂ ಒಂದರ ಜೊತೆ ಒಂದು ಬೆರೆಸಬೇಡಿ. ಹಳೆಯ ಸ್ಟಿಕ್ ಆರ್ ಇದ್ದು ಹೊಸದು ಇ ಇದ್ದರೆ ಸರ್ವರ್ ಎದ್ದೇಳುವುದಿಲ್ಲ. ಎಲ್ಲವನ್ನೂ ಒಂದೇ ಬಗೆಗೆ ಬದಲಿಸಬೇಕು.

ಎಲ್ಲ ಸರ್ವರ್‌ಗಳೂ ಆರ್‌ಡಿಮ್ ಒಪ್ಪುತ್ತವೆ ಅಂತಲೂ ಇಲ್ಲ. ಝಿಯಾನ್ ಇ3-1200 ಇರುವ ಚಿಕ್ಕ ಸರ್ವರ್‌ಗಳು ಅನ್‌ಬಫರ್ಡ್ ಮಾತ್ರ, ಸಾಮಾನ್ಯವಾಗಿ ಇಸಿಸಿ ಇರುವುದನ್ನೇ, ತೆಗೆದುಕೊಳ್ಳುತ್ತವೆ. ಬಳಸಿದ ಆರ್‌ಡಿಮ್ ಅಗ್ಗವಾಗಿ ಸಿಗುತ್ತದೆ ಅಂತ ಇವಕ್ಕೆ ತಂದರೆ ಹಣ ವ್ಯರ್ಥ. ಇದೇ ಇ3ರ ವಿ2 ಮತ್ತು ವಿ3ರಲ್ಲಿ ಒಟ್ಟು ಮಿತಿ 32 ಜಿಬಿ, ಅಂದರೆ ಸ್ಲಾಟ್‌ಗೆ 8 ಜಿಬಿ. 16 ಜಿಬಿಯ ಅನ್‌ಬಫರ್ಡ್ ಡಿಡಿಆರ್3 ಸ್ಟಿಕ್‌ನಲ್ಲಿ ಒಂದೊಂದು ಚಿಪ್ 8 ಗಿಗಾಬಿಟ್ ಇರುತ್ತದೆ. ಆ ಕಾಲದ ಕಂಟ್ರೋಲರ್‌ಗೆ ಅಷ್ಟು ದೊಡ್ಡ ಚಿಪ್ ಅರ್ಥವಾಗುವುದಿಲ್ಲ. ಬಯೋಸ್ ಅಪ್‌ಡೇಟ್ ಮಾಡಿದರೂ ಇದು ಸರಿಯಾಗುವುದಿಲ್ಲ.

ಎಲ್‌ಆರ್‌ಡಿಮ್ ಇಂಟೆಲ್ ಸರ್ವರ್‌ಗಳಿಗೆ ಬಂದದ್ದು ಇ5-2600 ಜೊತೆ. 5500, 5600 ಸರಣಿಯಲ್ಲಿ ಅದು ಕೆಲಸ ಮಾಡುವುದಿಲ್ಲ.

ಉಳಿದ ಬೆರಕೆಗಳು ಇಷ್ಟು ಕಠಿಣವಲ್ಲ. 1.35 ವೋಲ್ಟಿನದ್ದೂ 1.5 ವೋಲ್ಟಿನದ್ದೂ ಜೊತೆಗಿದ್ದರೆ ಸಾಮಾನ್ಯವಾಗಿ ಎಲ್ಲವೂ 1.5ರಲ್ಲಿ ಓಡುತ್ತವೆ. ವೇಗ ಬೇರೆ ಬೇರೆ ಇದ್ದರೆ ಎಲ್ಲವೂ ನಿಧಾನದ್ದಕ್ಕೆ ಇಳಿಯುತ್ತವೆ. ತಯಾರಕರು ಬೇರೆಯಾದರೂ ಬಹುತೇಕ ನಡೆಯುತ್ತದೆ. ಕೆಲವು ಸರ್ವರ್‌ಗಳು ಇದು ನಮ್ಮ ಕಂಪನಿಯ ಮೆಮೊರಿ ಅಲ್ಲ ಅಂತ ಎಚ್ಚರಿಕೆ ತೋರಿಸುತ್ತವೆ. ಒಟ್ಟು ಜಿಬಿ, ವೇಗ, ಈವೆಂಟ್ ಲಾಗ್ (ಸರ್ವರ್ ತಪ್ಪುಗಳನ್ನು ಬರೆದಿಡುವ ಪಟ್ಟಿ) ಮೂರೂ ಸರಿಯಿದ್ದರೆ ಆ ಒಂದು ಸಾಲಿಗೆ ಹೆದರಬೇಡಿ.

ಹಂತ 4: ರ‍್ಯಾಂಕ್ ಲೆಕ್ಕ ಹಾಕಿ

ಸ್ಟಿಕ್‌ಗಳ ಬಗೆ ಸರಿ, ವೇಗ ಸರಿ, ಒಂದೊಂದೇ ಹಾಕಿದರೆ ಕೆಲಸ ಮಾಡುತ್ತವೆ, ಎಲ್ಲ ಒಟ್ಟಿಗೆ ಹಾಕಿದರೆ ಇಲ್ಲ. ಹೀಗಾದರೆ ನಾನು ಮೊದಲು ನೋಡುವುದು ರ‍್ಯಾಂಕ್.

ಒಂದು ರ‍್ಯಾಂಕ್ ಅಂದರೆ ಕಂಟ್ರೋಲರ್ ಒಂದೇ ಸಲಕ್ಕೆ ಮಾತಾಡಿಸುವ ಚಿಪ್‌ಗಳ ಗುಂಪು. ಒಂದು ಚಾನೆಲ್ ಇಷ್ಟೇ ರ‍್ಯಾಂಕ್ ನಿಭಾಯಿಸಬಲ್ಲದು ಅಂತ ಮಿತಿ ಇದೆ. 5500, 5600 ಮತ್ತು ಇ5-2600 ಕಾಲದ ಆರ್‌ಡಿಮ್ ಸರ್ವರ್‌ಗಳಲ್ಲಿ ಆ ಮಿತಿ ಚಾನೆಲ್‌ಗೆ 8 ರ‍್ಯಾಂಕ್. ಒಂದು ಚಾನೆಲ್‌ನಲ್ಲಿ ಮೂರು ಸ್ಲಾಟ್ ಇವೆ ಅಂದುಕೊಳ್ಳಿ. ಮೂರು ಡ್ಯುಯಲ್ ರ‍್ಯಾಂಕ್ ಹಾಕಿದರೆ 6, ತೊಂದರೆ ಇಲ್ಲ. ಎರಡು ಕ್ವಾಡ್ ರ‍್ಯಾಂಕ್ ಹಾಕಿದರೆ ಅಲ್ಲಿಗೇ 8 ತುಂಬಿತು. ಮೂರನೇ ಸ್ಲಾಟ್ ಖಾಲಿ ಇದ್ದರೂ ಅಲ್ಲಿ ಏನೂ ಹಾಕುವಂತಿಲ್ಲ.

ಹಳೆಯ 4ಆರ್, ಅಂದರೆ ಕ್ವಾಡ್ ರ‍್ಯಾಂಕ್, ಸ್ಟಿಕ್‌ಗಳು ಎಷ್ಟೋ ಜನರಿಗೆ ತಲೆನೋವಾಗುವುದು ಇದರಿಂದಲೇ. ಇವುಗಳ ಜೊತೆ ಬೇರೆ ಸ್ಟಿಕ್ ಬೆರೆಸಲೇಬೇಕಾದರೆ ಜಾಸ್ತಿ ರ‍್ಯಾಂಕ್ ಇರುವುದನ್ನು ಚಾನೆಲ್‌ನ ಮೊದಲ ಸ್ಲಾಟ್‌ಗೆ, ಕಡಿಮೆ ಇರುವುದನ್ನು ಆಮೇಲಿನದಕ್ಕೆ ಹಾಕಿ. ಆಯ್ಕೆ ಇದ್ದರೆ 4ಆರ್ ಬೇಡವೇ ಬೇಡ, ಅಷ್ಟೇ ಜಿಬಿಯ 2ಆರ್ ತೆಗೆದುಕೊಳ್ಳಿ. ಅನ್‌ಬಫರ್ಡ್ ಹಾಕುವವರಿಗೆ ಇನ್ನೊಂದು ಕಟ್ಟುಪಾಡಿದೆ. 5500 ಮತ್ತು 5600 ಸರಣಿಯಲ್ಲಿ ಚಾನೆಲ್‌ಗೆ ಮೂರು ಸ್ಲಾಟ್ ಇದ್ದರೂ ಎರಡರಲ್ಲಿ ಮಾತ್ರ ಅನ್‌ಬಫರ್ಡ್ ಹಾಕಬಹುದು.

ಎಲ್‌ಆರ್‌ಡಿಮ್ ಬಂದದ್ದೇ ಈ ಮಿತಿ ದಾಟಲು. ಅದರ ಬಫರ್ ನಾಲ್ಕು ರ‍್ಯಾಂಕ್‌ಗಳನ್ನು ಕಂಟ್ರೋಲರ್‌ಗೆ ಎರಡರ ಹಾಗೆ ತೋರಿಸಬಲ್ಲದು. ನಿಮಗೆ ನಿಜಕ್ಕೂ ದೊಡ್ಡ ಮೊತ್ತದ ಮೆಮೊರಿ ಬೇಕಿದ್ದರೆ ಮಾತ್ರ ಆ ದಾರಿ.

ಹಂತ 5: ಮುಚ್ಚಳ ತೆಗೆಯುವ ಮೊದಲು

ಬ್ಯಾಕಪ್ ತೆಗೆಯಿರಿ. ಬಯೋಸನ್ನು ಹಳೆಯ ಮೆಮೊರಿ ಇರುವಾಗಲೇ, ಸರ್ವರ್ ಸರಿಯಾಗಿ ಓಡುತ್ತಿರುವಾಗಲೇ ಅಪ್‌ಡೇಟ್ ಮಾಡಿ. ಹೊಸ ಸ್ಟಿಕ್ ಹಾಕಿ ಸರ್ವರ್ ಅಲ್ಲಾಡದೆ ನಿಂತ ಮೇಲೆ ಅಪ್‌ಡೇಟ್ ಮಾಡಲು ಹೋಗುವುದು ಕಷ್ಟ. ಹಳೆಯ ಸರ್ವರ್‌ಗಳಿಗೆ ಆಮೇಲೆ ಬಂದ ಬಯೋಸ್‌ಗಳಲ್ಲಿ ದೊಡ್ಡ ಸ್ಟಿಕ್‌ಗಳಿಗೆ ಬೆಂಬಲ ಸೇರಿಸಿದ್ದು ಉಂಟು.

ಎರಡೂ ಪವರ್ ಕೇಬಲ್ ಕೀಳಿ. ಒಂದನ್ನೇ ಕಿತ್ತರೆ ಇನ್ನೊಂದು ಪವರ್ ಸಪ್ಲೈಯಿಂದ ಬೋರ್ಡ್‌ಗೆ ಕರೆಂಟ್ ಬರುತ್ತಲೇ ಇರುತ್ತದೆ. ಬೋರ್ಡಿನ ಮೇಲಿನ ದೀಪ ಆರುವವರೆಗೆ ಕಾಯಿರಿ. ಆ್ಯಂಟಿ ಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ಈಗ ಯಾವ ಸ್ಲಾಟ್‌ನಲ್ಲಿ ಏನಿದೆ ಅಂತ ಫೋಟೋ ತೆಗೆಯಿರಿ. ವಾಪಸ್ ಮೊದಲಿನ ಸ್ಥಿತಿಗೆ ಬರಲು ಅದು ಬೇಕೇ ಬೇಕು.

ಹಂತ 6: ಸರಿಯಾದ ಸ್ಲಾಟ್‌ಗೆ ಹಾಕಿ

ಮೊದಲ ಖಾಲಿ ಸ್ಲಾಟ್ ಕಂಡ ತಕ್ಷಣ ಹಾಕಿಬಿಡುವುದು ದೊಡ್ಡ ತಪ್ಪು. ಪ್ರತಿ ಚಾನೆಲ್‌ಗೂ ಒಂದೊಂದು ಸ್ಟಿಕ್ ಬರುವ ಹಾಗೆ ಮೊದಲು ಹಂಚಬೇಕು, ಆಮೇಲೆ ಎರಡನೇ ಸುತ್ತು. ಚಾನೆಲ್‌ನ ಮೊದಲ ಸ್ಲಾಟ್ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ದೂರದ್ದು. ತಯಾರಕರು ಅದಕ್ಕೆ ಬೇರೆ ಬಣ್ಣದ ಕ್ಲಿಪ್ ಹಾಕಿರುತ್ತಾರೆ, ಇಲ್ಲವೇ ಅಕ್ಷರ ಬರೆದಿರುತ್ತಾರೆ. ಮುಚ್ಚಳದ ಒಳಬದಿಯಲ್ಲಿ ಚಿತ್ರವೂ ಇರುತ್ತದೆ. ಸರ್ವರ್‌ನಿಂದ ಸರ್ವರ್‌ಗೆ ಕ್ರಮ ಬೇರೆಯಾಗುವುದರಿಂದ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು.

ಎರಡು ಪ್ರೊಸೆಸರ್‌ನ ಬೋರ್ಡ್‌ನಲ್ಲಿ ಒಂದೇ ಪ್ರೊಸೆಸರ್ ಇದ್ದರೆ ಅರ್ಧ ಸ್ಲಾಟ್‌ಗಳು ಸತ್ತಂತೆಯೇ. ಎರಡನೇ ಪ್ರೊಸೆಸರ್ ಪಕ್ಕದ ಸ್ಲಾಟ್‌ಗಳಿಗೆ ಅದರ ಕಂಟ್ರೋಲರ್ರೇ ಬೇಕು. ಹೊಸ ಸ್ಟಿಕ್ ಕಾಣುತ್ತಿಲ್ಲ ಅನ್ನುವ ದೂರಿಗೆ ಎಷ್ಟೋ ಸಲ ಉತ್ತರ ಇಷ್ಟೇ ಆಗಿರುತ್ತದೆ. ಎರಡೂ ಪ್ರೊಸೆಸರ್ ಇದ್ದರೆ ಎರಡಕ್ಕೂ ಸಮನಾಗಿ ಹಾಕಿ.

ಸ್ಟಿಕ್ಕನ್ನು ಎರಡೂ ತುದಿಯಲ್ಲಿ ಸಮನಾಗಿ ಒತ್ತಿ, ಕ್ಲಿಪ್ ತಾನಾಗಿಯೇ ಮುಚ್ಚಿಕೊಳ್ಳಬೇಕು. ಗಾಳಿ ಹರಿಸುವ ಪ್ಲಾಸ್ಟಿಕ್ ಹೊದಿಕೆಯನ್ನು ಮರೆಯದೆ ವಾಪಸ್ ಕೂರಿಸಿ. ಅದಿಲ್ಲದೆ ಓಡಿಸಿದರೆ ಮೆಮೊರಿ ಬಿಸಿಯಾಗಿ ತಪ್ಪುಗಳು ಶುರುವಾಗುತ್ತವೆ. ನೀವು ಮಾತ್ರ ಸ್ಟಿಕ್ ಮೇಲೆ ಅನುಮಾನ ಪಡುತ್ತಾ ಕೂರುತ್ತೀರಿ.

ಹಂತ 7: ಸರ್ವರ್ ಎದ್ದೇಳದಿದ್ದರೆ

ಮೊದಲು ಕಾಯಿರಿ. ಮೆಮೊರಿ ಬದಲಾದಾಗ ಸರ್ವರ್ ಅದನ್ನೆಲ್ಲ ಹೊಸದಾಗಿ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಮೆಮೊರಿ ಜಾಸ್ತಿ ಇದ್ದಷ್ಟೂ ಅದಕ್ಕೆ ಸಮಯ ಬೇಕು. ಕೆಲವು ನಿಮಿಷ ಕಪ್ಪು ಪರದೆ ಸಹಜ. ಹತ್ತು ನಿಮಿಷವಾದರೂ ಏನೂ ಇಲ್ಲ ಅಂದರೆ ಮುಂದೆ ಹೋಗಿ.

ಐಡ್ರಾಕ್ ಅಥವಾ ಐಎಲ್‌ಒ ಪರದೆ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಅದರಲ್ಲಿ ಈವೆಂಟ್ ಲಾಗ್ ತೆರೆಯಿರಿ. ಇನ್ನೊಂದು ಕಂಪ್ಯೂಟರ್‌ನಿಂದ ಐಪಿಎಂಐಟೂಲ್ ಅನ್ನುವ ಪ್ರೋಗ್ರಾಂ ಬಳಸಿಯೂ ಲಾಗ್ ನೋಡಬಹುದು. ಯಾವ ಸ್ಲಾಟ್ ಅಂತ ಹೆಸರು ಹಿಡಿದೇ ಹೇಳಿರುತ್ತದೆ. ಬೀಪ್ ಸದ್ದು ಅಥವಾ ಮುಂದಿನ ಹಳದಿ ದೀಪ ಇದ್ದರೆ ಅದರ ಅರ್ಥ ಮ್ಯಾನ್ಯುಯಲ್‌ನಲ್ಲಿದೆ. ಲಾಗ್‌ನಿಂದ ಗೊತ್ತಾಗದಿದ್ದರೆ ಹೀಗೆ ಮಾಡಿ.

1. ಹೊಸದನ್ನೆಲ್ಲ ತೆಗೆದು ಹಳೆಯದನ್ನು ಫೋಟೋದಲ್ಲಿ ಇದ್ದ ಹಾಗೆಯೇ ಹಾಕಿ. ಬೂಟ್ ಆದರೆ ಬೋರ್ಡ್ ಚೆನ್ನಾಗಿದೆ. ಆಗದಿದ್ದರೆ ಕೂರಿಸುವಾಗ ಏನೋ ಸಡಿಲವಾಗಿದೆ, ಅದನ್ನು ಮೊದಲು ಹುಡುಕಿ.

2. ಎಲ್ಲ ತೆಗೆದು ಮೊದಲ ಪ್ರೊಸೆಸರ್‌ನ ಮೊದಲ ಸ್ಲಾಟ್‌ಗೆ ಒಂದೇ ಒಂದು ಹೊಸ ಸ್ಟಿಕ್ ಹಾಕಿ. ಎರಡನೇ ಪ್ರೊಸೆಸರ್‌ಗೂ ಕನಿಷ್ಠ ಒಂದು ಸ್ಟಿಕ್ ಬೇಕು ಅನ್ನುವ ಸರ್ವರ್‌ಗಳಿವೆ, ಹಾಗಿದ್ದರೆ ಅಲ್ಲೂ ಒಂದು. ಯಾವ ಹೊಸ ಸ್ಟಿಕ್ಕೂ ಏಳದಿದ್ದರೆ ಬಗೆಯೇ ಹೊಂದುತ್ತಿಲ್ಲ. ಹಂತ 2 ಮತ್ತು 3ಕ್ಕೆ ವಾಪಸ್ ಹೋಗಿ.

3. ಒಂದು ಸ್ಟಿಕ್ ಮಾತ್ರ ಏಳದಿದ್ದರೆ ಅದನ್ನು ಪಕ್ಕಕ್ಕಿಡಿ. ಎಲ್ಲವೂ ಒಂಟಿಯಾಗಿ ಏಳುತ್ತಿದ್ದರೆ ಒಂದೊಂದೇ ಸೇರಿಸುತ್ತಾ ಹೋಗಿ. ಎಷ್ಟನೆಯದಕ್ಕೆ ನಿಂತಿತು ನೋಡಿ, ಆ ಚಾನೆಲ್‌ನ ರ‍್ಯಾಂಕ್ ಎಣಿಸಿ.

4. ಒಂದೇ ಸ್ಲಾಟ್‌ನಲ್ಲಿ ತೊಂದರೆ ಬರುತ್ತಿದ್ದರೆ ಅಲ್ಲಿರುವ ಸ್ಟಿಕ್ಕನ್ನೂ ಚೆನ್ನಾಗಿರುವ ಇನ್ನೊಂದು ಸ್ಲಾಟ್‌ನ ಸ್ಟಿಕ್ಕನ್ನೂ ಅದಲುಬದಲು ಮಾಡಿ. ತಪ್ಪು ಸ್ಟಿಕ್ ಜೊತೆ ಹೋದರೆ ಸ್ಟಿಕ್ ಕೆಟ್ಟಿದೆ. ಅಲ್ಲೇ ಉಳಿದರೆ ಸ್ಲಾಟ್ ಅಥವಾ ಪ್ರೊಸೆಸರ್.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿಯೊಂದನ್ನೂ ಬರೆದಿಡಿ. ಎರಡು ಸ್ಟಿಕ್ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಸ್ಲಾಟ್‌ನಲ್ಲೇ ತಪ್ಪು ಉಳಿದರೆ ಬೋರ್ಡ್ ಹೋಯಿತು ಅಂತ ತಕ್ಷಣ ತೀರ್ಮಾನಿಸಬೇಡಿ. ಸ್ಲಾಟ್‌ಗೆ ಗಾಳಿ ಊದಿ ಧೂಳು ತೆಗೆಯಿರಿ. ಸ್ಟಿಕ್‌ನ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒರೆಸಿ. ರಬ್ಬರ್‌ನಿಂದ ಉಜ್ಜುವ ರೂಢಿ ನನಗೆ ಒಪ್ಪಿಗೆಯಿಲ್ಲ, ಲೇಪ ಸವೆಯುತ್ತದೆ. ಇಡೀ ಚಾನೆಲ್ ಕಾಣೆಯಾಗಿದ್ದರೆ ಪ್ರೊಸೆಸರ್ ತೆಗೆದು ಸಾಕೆಟ್‌ನ ಪಿನ್ ಬಾಗಿದೆಯಾ ನೋಡಿ. ಮೆಮೊರಿಯ ಗೆರೆಗಳೆಲ್ಲ ಆ ಪಿನ್‌ಗಳ ಮೂಲಕವೇ ಹಾದುಹೋಗುತ್ತವೆ.

ಹಂತ 8: ಎದ್ದಿತು, ಆದರೆ ಮೆಮೊರಿ ಕಡಿಮೆ ತೋರಿಸುತ್ತಿದೆ

ಬಯೋಸ್‌ನಲ್ಲೂ ಕಡಿಮೆ ಇದೆಯಾ, ಇಲ್ಲ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಾತ್ರವಾ? ಮೊದಲು ಇದನ್ನು ಬೇರೆ ಮಾಡಿ.

ಬಯೋಸ್‌ನಲ್ಲಿ ಸರಿಯಾಗಿ ಅರ್ಧ ತೋರಿಸುತ್ತಿದ್ದರೆ ಮೆಮೊರಿ ಮೋಡ್ ನೋಡಿ. ಮಿರರಿಂಗ್ ಆನ್ ಇದ್ದರೆ ಪ್ರತಿಯೊಂದೂ ಎರಡು ಕಡೆ ಬರೆಯಲ್ಪಡುತ್ತದೆ, ಬಳಕೆಗೆ ಅರ್ಧವೇ ಸಿಗುತ್ತದೆ. ಸ್ಪೇರಿಂಗ್ ಇದ್ದರೆ ಒಂದು ಭಾಗ ಮೀಸಲು. ಮೂರು ಚಾನೆಲ್‌ನ ಸರ್ವರ್‌ಗಳಲ್ಲಿ ಲಾಕ್‌ಸ್ಟೆಪ್ ಮೋಡ್ ಇದ್ದರೆ ಒಂದು ಚಾನೆಲ್ ಕೆಲಸಕ್ಕೇ ಬರುವುದಿಲ್ಲ. ಪೂರ್ತಿ ಸಾಮರ್ಥ್ಯ ಬೇಕಿದ್ದರೆ ಇಂಡಿಪೆಂಡೆಂಟ್ ಅಥವಾ ಆಪ್ಟಿಮೈಜರ್ ಅನ್ನುವ ಮೋಡ್ ಆರಿಸಿ.

ಒಂದು ಸ್ಟಿಕ್‌ನಷ್ಟೇ ಕಡಿಮೆ ಇದ್ದರೆ ಬಯೋಸ್ ಹಿಂದಿನ ತಪ್ಪಿನಿಂದಾಗಿ ಆ ಸ್ಲಾಟ್ ಮುಚ್ಚಿರಬಹುದು. ಕೆಲವು ಸರ್ವರ್‌ಗಳು ಸ್ಟಿಕ್ ಬದಲಿಸಿದ ಮೇಲೂ ಆ ಸ್ಲಾಟನ್ನು ತಾವಾಗಿ ತೆರೆಯುವುದಿಲ್ಲ. ಸೆಟಪ್‌ನಲ್ಲಿ ಮತ್ತೆ ಸಕ್ರಿಯ ಮಾಡಿ, ಇಲ್ಲವೇ ಬಯೋಸ್ ಸೆಟ್ಟಿಂಗ್ ಅಳಿಸಿ ನೋಡಿ. ಅಳಿಸುವ ಮೊದಲು ರೇಡ್ (ಡಿಸ್ಕ್‌ಗಳ ಜೋಡಣೆ) ಮತ್ತು ಬೂಟ್ ಸೆಟ್ಟಿಂಗ್ ಬರೆದಿಟ್ಟುಕೊಳ್ಳಿ.

ಬಯೋಸ್‌ನಲ್ಲಿ ಪೂರ್ತಿ ಇದ್ದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕಡಿಮೆ ಇದ್ದರೆ ಹಾರ್ಡ್‌ವೇರ್ ಮುಟ್ಟಬೇಡಿ. ವಿಂಡೋಸ್ ಸರ್ವರ್ 2008 ಆರ್2 ಸ್ಟ್ಯಾಂಡರ್ಡ್ 32 ಜಿಬಿಗಿಂತ ಜಾಸ್ತಿ ಬಳಸುವುದಿಲ್ಲ, ಅದೇ ಕಾಲದ ಫೌಂಡೇಷನ್‌ಗೆ 8 ಜಿಬಿಯೇ ಮಿತಿ. 2012ರ ಎಸೆನ್ಷಿಯಲ್ಸ್‌ಗೆ 64 ಜಿಬಿ.

ಹಂತ 9: ವೇಗ ಕಡಿಮೆಯಾಗಿದ್ದರೆ

1600ರ ಸ್ಟಿಕ್ 1066ರಲ್ಲಿ ಓಡುತ್ತಿದ್ದರೆ ಅದು ಬಹುಶಃ ತೊಂದರೆಯೇ ಅಲ್ಲ. ಇ5-2603 ಅಥವಾ 2609ರ ಮೊದಲ ತಲೆಮಾರಿನ ಪ್ರೊಸೆಸರ್ 1066ಕ್ಕಿಂತ ಮೇಲೆ ಹೋಗುವುದೇ ಇಲ್ಲ. ಚಾನೆಲ್‌ನಲ್ಲಿ ಸ್ಟಿಕ್ ಜಾಸ್ತಿಯಾದಷ್ಟೂ ವೇಗ ಇಳಿಯುವುದೂ ಸಹಜ. 5500 ಸರಣಿಯಲ್ಲಿ ಚಾನೆಲ್‌ಗೆ ಒಂದಿದ್ದರೆ 1333, ಎರಡಿದ್ದರೆ 1066, ಮೂರಿದ್ದರೆ 800 ಅನ್ನುವುದು ಮಾಮೂಲು. ವರ್ಚುವಲ್ ಮಷಿನ್ ಓಡಿಸುವವರಿಗೆ ಈ ಇಳಿಕೆಗಿಂತ ಒಟ್ಟು ಜಿಬಿಯೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಮೆಮೊರಿ ಸಾಲದೆ ಡಿಸ್ಕ್‌ಗೆ ಸ್ವಾಪ್ ಆಗುವುದರ ಮುಂದೆ ಈ ವ್ಯತ್ಯಾಸ ಏನೇನೂ ಅಲ್ಲ.

ಹಂತ 10: ಕೆಲಸಕ್ಕೆ ಬಿಡುವ ಮೊದಲು ಪರೀಕ್ಷೆ

ಮೆಮ್‌ಟೆಸ್ಟ್86 ಪ್ಲಸ್ ಅನ್ನುವ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಪೆನ್ ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದು ಸುತ್ತು ಸಾಲದು.

ಇಲ್ಲಿ ಜನ ಮರೆಯುವ ವಿಷಯ ಒಂದಿದೆ. ಇಸಿಸಿ ಒಂದು ಬಿಟ್‌ನ ತಪ್ಪನ್ನು ಅಲ್ಲೇ ಸರಿಪಡಿಸಿಬಿಡುತ್ತದೆ. ಪರೀಕ್ಷೆಯ ಪ್ರೋಗ್ರಾಂ ಓದುವಾಗ ಸರಿಯಾದ ಅಂಕಿಯೇ ಸಿಗುತ್ತದೆ. ಹಾಗಾಗಿ ಪರದೆಯಲ್ಲಿ ತಪ್ಪು ಸೊನ್ನೆ ಅಂತ ಇದ್ದರೂ ಸ್ಟಿಕ್ ಹಾಳಾಗುತ್ತಿರಬಹುದು. ಪರೀಕ್ಷೆ ಮುಗಿದ ಮೇಲೆ ಸರ್ವರ್‌ನ ಈವೆಂಟ್ ಲಾಗ್ ತಪ್ಪದೆ ನೋಡಿ. ಲಿನಕ್ಸ್ ಒಳಗಿದ್ದರೆ ಮೆಮೊರಿ ತಪ್ಪುಗಳನ್ನು ದಾಖಲಿಸುವ ರಾಸ್‌ಡೀಮನ್ ಹಾಕಿಕೊಳ್ಳಿ, ಇಡ್ಯಾಕ್ (ಲಿನಕ್ಸ್‌ನಲ್ಲಿ ಮೆಮೊರಿ ತಪ್ಪು ಎಣಿಸುವ ಭಾಗ) ಕೊಡುವ ಎಣಿಕೆ ಗಮನಿಸಿ. ಸರಿಪಡಿಸಿದ ತಪ್ಪು ಅಪರೂಪಕ್ಕೆ ಒಂದು ಬಂದರೆ ಬರೆದಿಟ್ಟು ಸುಮ್ನಿರಿ. ಒಂದೇ ಸ್ಲಾಟ್‌ನ ಎಣಿಕೆ ಏರುತ್ತಲೇ ಇದ್ದರೆ ಆ ಸ್ಟಿಕ್ ಬದಲಿಸಿ. ಸರಿಪಡಿಸಲಾಗದ ತಪ್ಪು ಒಂದೇ ಬಂದರೂ ಹಂತ 7ರ ಅದಲುಬದಲು ಪರೀಕ್ಷೆ ಮಾಡದೆ ಸರ್ವರನ್ನು ಕೆಲಸಕ್ಕೆ ಬಿಡಬೇಡಿ.

ಬಳಸಿದ ಸ್ಟಿಕ್ ಕೊಂಡಿದ್ದರೆ ವಾಪಸ್ ಕೊಡುವ ಗಡುವಿನ ಒಳಗೇ ಇದನ್ನೆಲ್ಲ ಮುಗಿಸಿ. ಯಾವ ಸ್ಲಾಟ್‌ನಲ್ಲಿ ಯಾವ ಸೀರಿಯಲ್ ನಂಬರ್ ಇದೆ ಅಂತ ಒಂದು ಪಟ್ಟಿ ಮಾಡಿ ಮುಚ್ಚಳದ ಒಳಬದಿಗೆ ಅಂಟಿಸಿ. ತೆಗೆದ ಹಳೆಯ ಸ್ಟಿಕ್‌ಗಳನ್ನು, ಹೊಸವು ಕೆಲವು ವಾರ ಪೂರ್ತಿ ಹೊರೆಯಲ್ಲಿ ಓಡಿ ಲಾಗ್ ಸ್ವಚ್ಛವಾಗಿ ಉಳಿಯುವವರೆಗೂ, ಆ್ಯಂಟಿ ಸ್ಟ್ಯಾಟಿಕ್ ಕವರಿನಲ್ಲಿ ಹಾಕಿ ಕೈಗೆ ಸಿಗುವ ಕಡೆ ಇಟ್ಟಿರಿ.